ಆಮೇಲಿನ ಡಬ್ಬಿ

ಮಾರ್ಚ್ 4

ಮಾನ್ಯರಿಗೆ ನಮಸ್ಕಾರಗಳು.

ನಿಮ್ಮನ್ನು ಏನೆಂದು ಕರೆಯುವುದೆಂದು ಗೊತ್ತಾಗದೆ ಈಗಾಗಲೇ ಮೂರು ಹಾಳೆ ಹರಿದಿದ್ದೇನೆ. ಇದು ನಾಲ್ಕನೆಯದು, ಇನ್ನು ಹರಿಯುವುದಿಲ್ಲ. ನಾನು ನಿಮ್ಮ ಅಳಿಯನನ್ನು ಎರಡು ವರ್ಷದ ಹಿಂದೆ ಮದುವೆಯಾದವಳು. ನಿಮ್ಮ ಮಗಳು ತೀರಿಕೊಂಡಾಗ ಮೂರು ವರ್ಷದವಳಾಗಿದ್ದ ನಿಮ್ಮ ಮೊಮ್ಮಗಳು ಬಟಾಣಿಗೆ ಈಗ ಏಳು ತುಂಬಿದೆ. ನೀವೂ ನಾನೂ ಒಮ್ಮೆಯೂ ಮುಖ ನೋಡಿಲ್ಲ. ಕಿವಿ ಮಂದವಾದ ಮೇಲೆ ನೀವು ಫೋನನ್ನು ಹತ್ತಿರಕ್ಕೂ ಸೇರಿಸುವುದಿಲ್ಲ ಎಂದು ಮನೆಯವರು ಒಮ್ಮೆ ಹೇಳಿದ್ದರು. ಅದಕ್ಕೇ ಈ ಕಾಗದ.

ವಿಷಯ ಇಷ್ಟು. ನಮ್ಮ ಅಡುಗೆಮನೆಯ ಹಿಂದಿನ ಗೋಡೆ ತೇವ ಕುಡಿದು ಉಬ್ಬಿತ್ತು. ಗಾರೆ ಮೇಸ್ತ್ರಿ ಬಂದು ಅರ್ಧ ಗೋಡೆ ಕೆಡವಿದ. ಇಟ್ಟಿಗೆಗಳ ನಡುವೆ ಒಂದು ಕೋಟಿನ ಗುಂಡಿ ಸಿಕ್ಕಿತು, ಕಂದು ಬಣ್ಣದ್ದು, ನಾಲ್ಕು ತೂತಿನದು. ಬಟಾಣಿ ಅದನ್ನು ಅಂಗೈಯಲ್ಲಿಟ್ಟುಕೊಂಡು, "ಇದನ್ನ ನಮಗೆ ಅಂತ ಯಾರು ಇಟ್ರು?" ಎಂದಳು. ಯಾರೂ ಇಟ್ಟಿದ್ದಲ್ಲ, ಗೋಡೆ ಕಟ್ಟುವಾಗ ಯಾರದೋ ಕೋಟಿನಿಂದ ಕಿತ್ತು ಬಿದ್ದಿರಬೇಕು ಎಂದೆ. ನಂಬಲಿಲ್ಲ. "ಹಂಗಾದ್ರೆ ನಾವೂ ಏನಾದ್ರೂ ಇಡೋಣ" ಎಂದಳು. ಯಾರಿಗೆ ಎಂದು ಕೇಳಿದರೆ, "ಆಮೇಲಿನವರಿಗೆ."

ಆ ಆಮೇಲಿನವರು ಯಾರು ಎಂದು ಎರಡು ದಿನ ಚರ್ಚೆ ನಡೆದು, ಕೊನೆಗೆ ಅವಳೇ ಎಂದಾಯಿತು, ಇಪ್ಪತ್ತೆರಡು ವರ್ಷದ ಬಟಾಣಿ. ಹದಿನೈದು ವರ್ಷ ಕಳೆದ ಮೇಲೆ ಗೋಡೆ ಒಡೆದು ತೆಗೆಯಬೇಕು. ನಾನು ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಉಪಕರಣ ಕುದಿಸುತ್ತಿದ್ದ ಹಳೆಯ ಸ್ಟೀಲ್ ಡಬ್ಬಿಯೊಂದನ್ನು ಕೇಳಿ ತಂದಿದ್ದೇನೆ. ಮುಚ್ಚಳದ ಸುತ್ತ ನಮ್ಮ ಗುಲಾಬಿ ಮೇಣ ಹೊಯ್ದರೆ ನೀರು, ಗಾಳಿ, ಇರುವೆ ಯಾವುದೂ ಒಳಗೆ ಹೋಗದು. ಅವಳು ಅದಕ್ಕೆ ‘ಆಮೇಲಿನ ಡಬ್ಬಿ’ ಎಂದು ಹೆಸರಿಟ್ಟಿದ್ದಾಳೆ.

ಅದರಲ್ಲಿ ಅವಳ ಅಮ್ಮನದೊಂದು ವಸ್ತು ಇರಲೇಬೇಕಂತೆ. ಮನೆಯಲ್ಲಿ ಒಂದು ಫೋಟೋ ಬಿಟ್ಟರೆ ಬೇರೇನೂ ಇಲ್ಲ. "ಅಜ್ಜಿ ಹತ್ರ ಇರುತ್ತೆ" ಎನ್ನುತ್ತಾಳೆ. ಏನಾದರೂ ಸಣ್ಣದು ಕಳಿಸಿಕೊಡಲು ಆಗುತ್ತದೆಯೇ? ಅಂಗೈಯಲ್ಲಿ ಹಿಡಿಸುವಷ್ಟಾದರೂ ಸಾಕು.

ವಂದನೆಗಳೊಂದಿಗೆ,
ಬಟಾಣಿಯ ಮನೆಯಿಂದ


ಮಾರ್ಚ್ 19

ಹಲ್ಲು ಮಾಡುವವರಿಗೆ,

ನಿಮ್ಮ ಕಾಗದ ತಲುಪಿತು. ಅಕ್ಷರ ದುಂಡಗಿದೆ, ವಿಷಯ ನೇರವಾಗಿದೆ. ನಾನೂ ನೇರವಾಗಿ ಬರೆಯುತ್ತೇನೆ.

ನನ್ನ ಮಗಳು ಗೋಡೆಯೊಳಗೆ ಇಟ್ಟು ಗಾರೆ ಮೆತ್ತುವ ವಸ್ತುವಲ್ಲ. ಮನೆಯಲ್ಲಿ ಅವಳದೆಂಬುದು ಏನೂ ಇಲ್ಲ ಎಂದು ಬರೆದಿದ್ದೀರಿ. ಯಾಕಿಲ್ಲ ಎಂದು ನಿಮ್ಮ ಮನೆಯವರನ್ನು ಕೇಳಿ. ಒಂದು ಫೋಟೋ ಉಳಿದಿತ್ತು, ಈಗ ಅದಕ್ಕೂ ಇಟ್ಟಿಗೆಯ ಸಂದಿಯಲ್ಲಿ ಜಾಗ ನೋಡಿಟ್ಟಿದ್ದೀರಿ ಎಂದು ಕಾಣುತ್ತದೆ. ಮಗುವಿನ ಹೆಸರು ಹೇಳಿ ಈ ಕೆಲಸ ಮಾಡಬೇಡಿ. ನನ್ನ ಬಳಿ ಕಳಿಸುವಂಥದ್ದು ಏನೂ ಇಲ್ಲ.

ಹದಿನೈದು ವರ್ಷಕ್ಕೆ ನನಗೆ ಎಂಬತ್ತನಾಲ್ಕು. ಅಷ್ಟು ದೂರದ ಮಾತನ್ನು ಮಕ್ಕಳು ಆಡಬಹುದು, ದೊಡ್ಡವರು ನನಗೆ ಬರೆದು ತಿಳಿಸಬೇಕಾಗಿರಲಿಲ್ಲ.

ನಾನು ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತಿಗೆ ತಂತಿ ಜೋಡಿಸಿದವಳು. ಮಾತಾಡುವವರು ಏನನ್ನು ನುಂಗಿಕೊಳ್ಳುತ್ತಿದ್ದಾರೆ ಎನ್ನುವುದು ಅಭ್ಯಾಸಬಲದಿಂದ ತಿಳಿಯುತ್ತದೆ. ನೀವೂ ಏನೋ ನುಂಗಿಕೊಂಡಿದ್ದೀರಿ. ಇರಲಿ.

ಬಟಾಣಿಯ ಅಜ್ಜಿ

ಹಲ್ಲಿನ ಮಾತು ಎತ್ತಿದ್ದರಿಂದ ಹೇಳುತ್ತೇನೆ. ನನ್ನ ಕೆಳಗಿನ ಸೆಟ್ಟು ಮೂರು ವರ್ಷದಿಂದ ಬಾಯಲ್ಲಿ ಕುಣಿಯುತ್ತಿದೆ. ‘ಸ’ ಅಂದರೆ ‘ಶ’ ಕೇಳಿಸುತ್ತದಂತೆ. ನಿಮ್ಮಂಥವರೇ ಯಾರೋ ಮಾಡಿದ್ದು.


ಏಪ್ರಿಲ್ 27

ಬಟಾಣಿಯ ಅಜ್ಜಿಯವರಿಗೆ,

ಐದು ವಾರ ಉತ್ತರ ಬರೆಯಲಿಲ್ಲ. ಮೊದಲ ವಾರ ಕೋಪವಿತ್ತು. ಆಮೇಲೆ ಕೋಪ ಇಳಿಯಿತು, ಆದರೆ ಏನು ಬರೆಯುವುದೆಂದು ತೋಚಲಿಲ್ಲ. ಗೋಡೆಯೂ ಹಾಗೇ ನಿಂತಿದೆ. ಮೇಸ್ತ್ರಿ ಬೇರೆ ಕಡೆ ಕೆಲಸ ಹಿಡಿದು ನಾಪತ್ತೆಯಾಗಿದ್ದಾನೆ. ಟಾರ್ಪಾಲು ಕಟ್ಟಿಕೊಂಡು ಅಡುಗೆ ಮಾಡುತ್ತಿದ್ದೇನೆ. ಅರ್ಧ ಅಡುಗೆಮನೆ ಬಯಲಿನಲ್ಲೇ ಇದೆ ಎನ್ನಬಹುದು.

ಫೋಟೋ ಗೋಡೆಗೆ ಹೋಗುವುದಿಲ್ಲ. ಅದು ಅವಳ ಓದುವ ಮೇಜಿನ ಮೇಲಿದೆ, ಅಲ್ಲೇ ಇರುತ್ತದೆ. ಡಬ್ಬಿಯಲ್ಲಿ ಇಲ್ಲಿಯವರೆಗೆ ಸೇರಿರುವುದು ಇವು: ಬಿದ್ದುಹೋದ ಮುಂದಿನ ಹಲ್ಲೊಂದು. ಅವಳ ಎತ್ತರಕ್ಕೆ ಕತ್ತರಿಸಿದ ದಾರ. ಲಿಫ್ಟಿನ ಮೂರನೆಯ ಮಹಡಿಯ ಗುಂಡಿ, ಅಪ್ಪ ರಿಪೇರಿಯಲ್ಲಿ ಬಿಚ್ಚಿ ತಂದದ್ದು. ಮತ್ತೆ ‘ಇಷ್ಟ ಇಲ್ಲದವರು’ ಎಂದು ಒಂದು ಪಟ್ಟಿ. ಹದಿನೈದು ವರ್ಷದ ಮೇಲೂ ಇಷ್ಟವಿಲ್ಲವೇ ಎಂದು ತಾಳೆ ನೋಡಲಿಕ್ಕಂತೆ. ಗಣಿತದ ಮೇಷ್ಟ್ರು, ನಾನು, ಎದುರುಮನೆಯ ಬೆಕ್ಕು, ಮತ್ತು ಒಂದು ಸೊಟ್ಟ ಚಮಚ. ಕ್ರಮವೂ ಇದೇ.

ನಾನು ನುಂಗಿಕೊಂಡದ್ದು ಏನೆಂದು ಈಗ ಬರೆಯುತ್ತೇನೆ. ಫೆಬ್ರವರಿಯಲ್ಲಿ ಒಂದು ಭಾನುವಾರ ತಲೆ ಬಾಚುತ್ತಿದ್ದೆ. ಬೆನ್ನು ಮಾಡಿ ಕೂತಿದ್ದವಳು ಹೇಳಿದಳು, "ಒಂದು ಹೇಳ್ತೀನಿ, ಅಪ್ಪಂಗೆ ಹೇಳ್ಬೇಡಿ, ಅಜ್ಜಿಗಂತೂ ಬೇಡ್ವೇ ಬೇಡ. ನಂಗೆ ಅಮ್ಮ ನೆನಪಿಲ್ಲ. ಫೋಟೋ ನೆನಪಿದೆ, ಅಮ್ಮ ನೆನಪಿಲ್ಲ." ಬಾಚಿ ಮುಗಿದಿತ್ತು, ಆದರೂ ಬಾಚುತ್ತಲೇ ಇದ್ದೆ. ಸ್ವಲ್ಪ ಹೊತ್ತಿನ ಮೇಲೆ, "ಅಜ್ಜಿಗೆ ಗೊತ್ತಾದ್ರೆ ಬೈತಾರೆ ಅಲ್ವಾ" ಎಂದಳು. ಗುಂಡಿ ಸಿಕ್ಕಿದ್ದು ಅದಾದ ಎರಡು ವಾರಕ್ಕೆ. ಡಬ್ಬಿಯಲ್ಲಿಟ್ಟದ್ದು ಮರೆತುಹೋಗುವುದಿಲ್ಲ ಎಂದು ಅವಳು ಲೆಕ್ಕ ಹಾಕಿದ್ದಾಳೆ.

ಯಾರಿಗೂ ಹೇಳುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಈಗ ಮುರಿದಿದ್ದೇನೆ. ದಯವಿಟ್ಟು ಬೈಯಬೇಡಿ, ಅವಳನ್ನಂತೂ ಬೇಡ.

ಅವಳೇ ಬರೆದ ಕಾಗದ ಇದರ ಜೊತೆಗಿದೆ. ಅದರಲ್ಲಿ ‘ಇವ್ರು’ ಎಂದರೆ ನಾನು. ಅಮ್ಮ ಎನ್ನಲು ಅವಳಿಗೆ ಮನಸ್ಸಿಲ್ಲ, ಆಂಟಿ ಎನ್ನಲು ಅವಳಪ್ಪ ಬಿಡುವುದಿಲ್ಲ. ಹಾಗಾಗಿ "ಇವ್ರೇ, ನೀರು ಕೊಡಿ" ಎನ್ನುತ್ತಾಳೆ, ಐವತ್ತು ವರ್ಷ ಸಂಸಾರ ಮಾಡಿದ ಮುದುಕರ ಹಾಗೆ.

ಕೆಳಗಿನ ಸೆಟ್ಟು ಕುಣಿಯುವುದು ಮಾಡಿದವರ ತಪ್ಪೇ ಇರಬೇಕೆಂದಿಲ್ಲ. ವಯಸ್ಸಾದಂತೆ ವಸಡು ಕರಗುತ್ತದೆ. ಅದಕ್ಕೆ ಹೊಸ ಅಳತೆ ಬೇಕು. ಬೆಳಗ್ಗೆ ಹಾಕಿಕೊಂಡ ಮೇಲೆ ಪೇಪರನ್ನು ಜೋರಾಗಿ ಓದುವ ಅಭ್ಯಾಸ ಮಾಡಿದರೆ ‘ಸ’ ಸ್ವಲ್ಪ ಹತೋಟಿಗೆ ಬರಬಹುದು.

ನಮಸ್ಕಾರ,
ಬಟಾಣಿಯ ‘ಇವ್ರು’


(ಅದೇ ಲಕೋಟೆಯಲ್ಲಿ, ಗೆರೆ ಎಳೆದ ಹಾಳೆಯ ಮೇಲೆ)

ಅಜ್ಜಿಗೆ,
ನಾನು ಚೆನ್ನಾಗಿದ್ದೀನಿ. ನೀನು ಚೆನ್ನಾಗಿದ್ದೀಯಾ. ನಮ್ಮ ಗೋಡೆ ಬಿದ್ದಿದೆ. ಬೀಳಲಿಲ್ಲ, ಬೀಳಿಸಿದ್ದು. ಅಮ್ಮ ಯಾವ ಕೈಯಲ್ಲಿ ಬರೀತಿದ್ದಳು? ನಾನು ಎಡಗೈ. ಅಪ್ಪನ್ನ ಕೇಳಿದರೆ ಸ್ಕ್ರೂ ಹುಡುಕಕ್ಕೆ ಹೋಗ್ತಾನೆ. ಇವ್ರಿಗೆ ಗೊತ್ತಿಲ್ಲ. ನಿನ್ನ ಕಿವಿ ಕೇಳಲ್ಲ ಅಂತ ದೊಡ್ಡದಾಗಿ ಬರ್ದಿದ್ದೀನಿ.
ಬಟಾಣಿ


ಮೇ 6

ನಿಮಗೆ,

ಮೊದಲು ಬಟಾಣಿಗೆ ಉತ್ತರ. ಅವಳೇ ಓದಿಕೊಳ್ಳಲಿ.

ಬಟಾಣಿ, ನಿನ್ನಮ್ಮನೂ ಎಡಗೈಯವಳೇ. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವಳ ಕೆಲಸವಾಗಿತ್ತು. ಎಡದಿಂದ ಬರೆಯುತ್ತ ಹೋದರೆ ಹಸಿ ಬಣ್ಣದ ಮೇಲೆ ಅವಳ ಕೈಯೇ ಉಜ್ಜುತ್ತಿತ್ತು. ಅದಕ್ಕೆ ಸಾಲಿನ ಕೊನೆಯ ಅಕ್ಷರದಿಂದ ಶುರುಮಾಡಿ ಹಿಂದಕ್ಕೆ ಬರುತ್ತಿದ್ದಳು. ಕೆಳಗೆ ನಿಂತವರು ಇವಳೇನೋ ತಪ್ಪು ಬರೆಯುತ್ತಿದ್ದಾಳೆ ಎಂದು ಕೂಗಾಡುತ್ತಿದ್ದರು. ಅವಳು ಏಣಿಯ ಮೇಲಿಂದ, "ಇನ್ನು ಮೂರಕ್ಷರ ತಾಳ್ಕೊಳ್ಳಿ" ಎನ್ನುತ್ತಿದ್ದಳು. ನಿನ್ನ ಹಾಗೇ ಗಟ್ಟಿ ಬಾಯಿ.

ಇನ್ನು ನಿಮಗೆ. ನನ್ನ ಬಳಿ ಏನೂ ಇಲ್ಲ ಎಂದು ಬರೆದದ್ದು ಸುಳ್ಳು. ಮಂಚದ ಕೆಳಗೆ ಅವಳ ಟ್ರಂಕಿದೆ. ನಿಮ್ಮ ಮನೆಯವರು ಅವಳು ಹೋಗಿ ಒಂದು ತಿಂಗಳೂ ಕಳೆಯುವ ಮೊದಲೇ ಲಾರಿಯಲ್ಲಿ ಹಾಕಿ ಕಳಿಸಿದ್ದು. ಬೀಗದ ಕೈಯನ್ನು ಹಿಡಿಗೇ ಕಟ್ಟಿದ್ದರು. ಆ ದಾರವನ್ನು ನಾನು ಇವತ್ತಿಗೂ ಬಿಚ್ಚಿಲ್ಲ. ಆಗ ಮಗುವನ್ನು ನನ್ನ ಹತ್ತಿರ ಬಿಡು ಎಂದೆ, ಆಗುವುದಿಲ್ಲ ಎಂದರು. ಮಗಳ ಸಾಮಾನು ಬೇಡ, ಮಗಳ ಮಗಳು ಬೇಕು, ಇದೆಲ್ಲಿಯ ನ್ಯಾಯ ಎಂದು ಮುನಿಸಿಕೊಂಡೆ. ಆ ಮುನಿಸಿನಲ್ಲಿ ನಾಲ್ಕು ವರ್ಷ ಆ ಕಡೆ ತಲೆ ಹಾಕಲಿಲ್ಲ. ಮೂರು ವರ್ಷದ ಕೂಸಿಗೆ ಏನು ನೆನಪಿರುತ್ತದೆ? ಅದು ಗೊತ್ತಿದ್ದೂ ಅವಳಿಗೆ ಎಲ್ಲ ನೆನಪಿದೆ ಎಂದುಕೊಂಡು ಕೂತಿದ್ದೆ. ಹೇಳಬೇಕಾದವಳು ನಾನು, ನಾನೇ ದೂರ ಕೂತೆ. ಯಾರನ್ನು ಬೈಯಲಿ.

ನಿಮ್ಮ ಕಾಗದ ಬಂದ ಮಾರನೆಯ ದಿನ ಛತ್ರಿ ಹಿಡಿದುಕೊಂಡು ಹೊರಟೆ. ಅವಳು ಬರೆದ ಬೋರ್ಡುಗಳಲ್ಲಿ ಎಷ್ಟು ಉಳಿದಿವೆ ನೋಡೋಣ ಎಂದು. ನಾಲ್ಕು ದಿನ ತಿರುಗಿದೆ. ಮೊದಲು ನಲವತ್ತಕ್ಕೂ ಹೆಚ್ಚಿದ್ದವು, ಈಗ ಏಳು. ಹೊಲಿಗೆ ಮಷೀನು ರಿಪೇರಿ, ಗಾಜಿನ ಅಂಗಡಿ, ಬೀಗದ ಕೈ ಮಾಡುವವನದು, ಹೀಗೆ. ಛತ್ರಿ ರಿಪೇರಿಯವನು ನನ್ನನ್ನು ಗುರುತು ಹಿಡಿದ. ಕಿವಿ ಹತ್ತಿರ ಬಂದು ಕೂಗಿ ಹೇಳಿದ, "ಹಳೇ ಬೋರ್ಡ್ ತೆಗ್ಸಿ ಲೈಟಿನ ಬೋರ್ಡ್ ಹಾಕ್ಸು ಅಂತಾರಮ್ಮ ಎಲ್ರೂ. ಬಣ್ಣ ಇನ್ನೂ ಬಿಟ್ಟಿಲ್ಲ, ಯಾಕ್ ತೆಗೀಲಿ?" ನನ್ನ ಛತ್ರಿಯ ಕಡ್ಡಿಯನ್ನೂ ಸರಿಮಾಡಿಕೊಟ್ಟ.

ಇದನ್ನೆಲ್ಲ ಬಟಾಣಿಗೆ ಹೇಳಿ. ಟ್ರಂಕನ್ನು ಅಂಚೆಯಲ್ಲಿ ಕಳಿಸಲಾರೆ. ಏನು ಮಾಡುವುದೋ ಯೋಚಿಸುತ್ತಿದ್ದೇನೆ. ನೀವು ಮಾತು ಮುರಿದದ್ದನ್ನು ಅವಳಿಗೆ ತಿಳಿಸುವುದಿಲ್ಲ.

ಬಟಾಣಿಯ ಅಜ್ಜಿ

ಪೇಪರು ಓದುತ್ತಿದ್ದೇನೆ. ಪಕ್ಕದ ಮನೆಯವರು ಬಂದು ಏನಾಯಿತೆಂದು ವಿಚಾರಿಸಿ ಹೋದರು.


ಮೇ 20

ಅಜ್ಜಿಯವರಿಗೆ,

ನಿಮ್ಮ ಕಾಗದದಲ್ಲಿ ಬಟಾಣಿಗೆ ಬರೆದ ಭಾಗವನ್ನಷ್ಟೇ ಕತ್ತರಿಸಿ ಅವಳಿಗೆ ಕೊಟ್ಟೆ, ಬೋರ್ಡುಗಳ ಕಥೆ, ನಿಮ್ಮ ಹಲ್ಲಿನ ಕಥೆ ಬಾಯಲ್ಲಿ ಹೇಳಿದೆ. ಆ ಚೂರು ಈಗ ಮಡಿಕೆಯಲ್ಲಿ ಹರಿಯುವಷ್ಟು ಸವೆದಿದೆ. ದಿನಕ್ಕೆ ಎರಡು ಸಲ ಓದಿಸಿಕೊಳ್ಳುವುದಲ್ಲ, ಅವಳೇ ಓದಿ ನನಗೆ ಹೇಳುತ್ತಾಳೆ, ನಾನು ಮೊದಲ ಸಲ ಕೇಳಿದವಳ ಹಾಗೆ ಕೂರಬೇಕು. ಶಾಲೆಯಲ್ಲಿ ತನ್ನ ಹೆಸರನ್ನು ಕೊನೆಯ ಅಕ್ಷರದಿಂದ ಶುರುಮಾಡಿ ಬರೆದಳಂತೆ. ಟೀಚರು ಬರೆದು ಮುಗಿಯುವ ಮೊದಲೇ ಅದೇನು ಎಂದು ಕೇಳಿದರಂತೆ. ಇವಳ ಉತ್ತರ: "ಇನ್ನು ಎರಡಕ್ಷರ ತಾಳ್ಕೊಳ್ಳಿ."

‘ಇಷ್ಟ ಇಲ್ಲದವರ’ ಪಟ್ಟಿ ತಿದ್ದುಪಡಿಯಾಗಿದೆ. ಬೆಕ್ಕೂ ಚಮಚವೂ ನನಗಿಂತ ಮೇಲೆ ಹೋಗಿವೆ. ನಾನೀಗ ನಾಲ್ಕನೆಯವಳು.

ಮೇಸ್ತ್ರಿ ಮತ್ತೆ ಪ್ರತ್ಯಕ್ಷನಾಗಿದ್ದಾನೆ. ಜೂನ್ ಮೂರನೆಯ ವಾರದೊಳಗೆ ಗೋಡೆ ಮುಗಿಸುತ್ತಾನಂತೆ. ಡಬ್ಬಿಗೆಂದು ಇಟ್ಟಿಗೆಯ ನಡುವೆ ಒಂದು ಗೂಡು ಬಿಡಲು ಹೇಳಿದ್ದೇನೆ. ಅದು ಮುಚ್ಚುವ ಮೊದಲು ನೀವು ಒಮ್ಮೆ ಬಂದುಹೋಗಲು ಆಗುತ್ತದೆಯೇ? ಟ್ರಂಕು ತರದಿದ್ದರೂ ಪರವಾಗಿಲ್ಲ, ನೀವು ಬನ್ನಿ. ನಮ್ಮ ದಂತವೈದ್ಯರಿಂದ ಅಳತೆ ತೆಗೆಸೋಣ, ಉಳಿದದ್ದು ನನ್ನ ಕೆಲಸ. ನಿಮ್ಮ ‘ಸ’ಗೆ ನಾನು ಹೊಣೆ.

ಮನೆಯವರು ಇವತ್ತು ಬೆಳಗ್ಗೆ ಹೊರಗೂರಿಗೆ ಹೋದರು. ಎಲ್ಲೋ ಲಿಫ್ಟು ಕೆಟ್ಟು ನಿಂತಿದೆಯಂತೆ, ಎರಡು ದಿನದ ಕೆಲಸ. ನಮ್ಮಿಬ್ಬರ ಕಾಗದದ ವಿಷಯ ಅವರಿಗೆ ಹೇಳಿಲ್ಲ. ನಿಮ್ಮ ಮಗಳ ಮಾತು ಬಂದರೆ ಅವರು ನಿಜಕ್ಕೂ ಸ್ಕ್ರೂ ಹುಡುಕಲು ಹೋಗುತ್ತಾರೆ. ಸಮಯ ನೋಡಿ ಹೇಳುತ್ತೇನೆ.

ಬಟಾಣಿಯ ‘ಇವ್ರು’


ಮೇ 24

ನಿಮಗೆ,

ನಿಮ್ಮ ಕಾಗದ ಈಗಷ್ಟೇ ಬಂತು. ಲಿಫ್ಟೇನೂ ಕೆಟ್ಟಿರಲಿಲ್ಲ. ನಿಮ್ಮ ಮನೆಯವರು ಇಲ್ಲಿಗೆ ಬಂದಿದ್ದರು.

ಮಧ್ಯಾಹ್ನ ಬಾಗಿಲು ತೆಗೆದರೆ ಕೈಯಲ್ಲಿ ಒಂದು ಬ್ರೆಡ್ಡಿನ ಪೊಟ್ಟಣ ಹಿಡಿದು ನಿಂತಿದ್ದರು. ನಾಲ್ಕು ವರ್ಷದ ಮೇಲೆ ಬರುವವರು ಬ್ರೆಡ್ಡು ತರುತ್ತಾರೆಯೇ? "ಹಲ್ಲು ಸರಿ ಇಲ್ಲ ಅಂತ ಕೇಳ್ದೆ" ಎಂದರು. ಯಾರು ಹೇಳಿದ್ದು ಎಂದರೆ, "ಬಟಾಣಿ ನಿಮ್ಮ ಕಾಗದ ಓದಿ ಹೇಳಿದ್ಲು. ನಾನು ಕೇಳದೇ ಇದ್ರೂ ಹೇಳಿದ್ಲು. ಸ್ಕ್ರೂ ಹುಡುಕ್ತಾ ಮಂಚದ ಕೆಳಗೆ ಹೋದ್ರೆ ಅಲ್ಲಿಗೂ ತೂರ್ಕೊಂಡು ಬಂದು ಓದಿದ್ಲು."

ಆ ಏಳು ಬೋರ್ಡುಗಳನ್ನು ತೋರಿಸಿ ಎಂದರು. ಕರೆದುಕೊಂಡು ಹೋದೆ. ಛತ್ರಿ ಅಂಗಡಿಯ ಮುಂದೆ ತಲೆಯೆತ್ತಿ ನಿಂತವರು ಕದಲಲೇ ಇಲ್ಲ. ಅಂಗಡಿಯವನು ಒಳಗಿನಿಂದ ಸ್ಟೂಲು ತಂದು ಹಾಕಿದ. ಅದರ ಮೇಲೆ ಕೂತು ಹೇಳಿದರು, "ಅತ್ತೆ, ಈ ಬೋರ್ಡ್ ಬರೆಯುವಾಗ ಕೆಳಗೆ ಏಣಿ ಹಿಡ್ಕೊಂಡಿದ್ದು ನಾನು. ಆಗಿನ್ನೂ ಮದುವೆ ಆಗಿರ್ಲಿಲ್ಲ. ಏಣಿ ಹಿಡಿಯೋಕೆ ಯಾರೂ ಬೇಕಾಗಿರ್ಲಿಲ್ಲ ಅವಳಿಗೆ. ಆದ್ರೂ ಹಿಡ್ಕೊಂಡಿದ್ದೆ." ನನಗೆ ಗೊತ್ತೇ ಇರಲಿಲ್ಲ.

ಮನೆಗೆ ಬಂದ ಮೇಲೆ ಕೇಳಿಯೇಬಿಟ್ಟೆ, ಯಾಕಪ್ಪಾ ಅಷ್ಟು ಅವಸರದಲ್ಲಿ ಅವಳ ಸಾಮಾನನ್ನೆಲ್ಲ ಲಾರಿಗೆ ಹಾಕಿ ಕಳಿಸಿದೆ ಎಂದು. ಅವರೆಂದರು, "ಕೊಟ್ಟಿದ್ದಲ್ಲ ಅತ್ತೆ, ಇಟ್ಕೊಂಡಿರಿ ಅಂತ ಕಳ್ಸಿದ್ದು. ಮನೇಲಿದ್ರೆ ದಿನಾ ತೆಗೆದು ನೋಡ್ತಿದ್ದೆ, ಮಗು ಊಟ ಮರೀತಿದ್ದೆ. ವಾಪಸ್ ಕೇಳೋಕೆ ಆಮೇಲೆ ಮುಖ ಇರ್ಲಿಲ್ಲ." ಈ ಮಾತನ್ನು ಆಗಲೇ ಆಡಿದ್ದರೆ ಆಗಿಹೋಗುತ್ತಿತ್ತು. ನಾನೂ ಆಗಲೇ ಕೇಳಿದ್ದರೆ ಆಗಿಹೋಗುತ್ತಿತ್ತು. ಊರಿಗೆಲ್ಲ ತಂತಿ ಜೋಡಿಸಿದವಳು ನಾನು.

ಟ್ರಂಕಿನ ದಾರವನ್ನು ಇಬ್ಬರೂ ಸೇರಿ ಬಿಚ್ಚಿದೆವು. ಬಣ್ಣ ಮೆತ್ತಿದ ಏಪ್ರನ್ನು, ಬ್ರಷ್ಷುಗಳು, ನೇರ ಗೆರೆ ಎಳೆಯುವ ಸುಣ್ಣದ ದಾರ. ಬ್ರಷ್ಷುಗಳನ್ನು ತೊಳೆದೇ ಇಟ್ಟಿದ್ದಳು. ಮೆತ್ತಗೇ ಇವೆ.

ಅವರು ನಿಮಗೆ ಸುಳ್ಳು ಹೇಳಿ ಬಂದದ್ದನ್ನು ನಾನು ಮುಚ್ಚಿಡಬಹುದಿತ್ತು. ಆದರೆ ನೀವೂ ಅವರಿಂದ ಮುಚ್ಚಿಟ್ಟಿದ್ದೀರಿ. ಇಬ್ಬರೂ ಕೂತು ಮಾತಾಡಿ. ಟ್ರಂಕು ಸಮೇತ ಬರುತ್ತೇನೆ.

ಅಜ್ಜಿ


ಮೇ 30

ಅಜ್ಜಿಯವರಿಗೆ,

ನಿಮ್ಮ ಕಾಗದ ಓದಿದ ದಿನ ಸಂಜೆ ಟೀ ಕುಡಿಯುವಾಗ ಕೇಳಿದೆ, "ಆ ಲಿಫ್ಟ್ ಏನಾಯ್ತು?"

"ಮೇಲೆ ಹೋಗ್ತಿದೆ."

"ಕೆಳಗೆ?"

"ಅದೂ ಬರ್ತಿದೆ."

ನಾನು ಟೀ ಕಲಕಿದೆ. ಸಕ್ಕರೆ ಕರಗಿ ಎಷ್ಟೋ ಹೊತ್ತಾಗಿತ್ತು. ಮೂರನೆಯ ದಿನ ನಲ್ಲಿ ರಿಪೇರಿ ಮಾಡುತ್ತ, ನನ್ನ ಕಡೆ ನೋಡದೆ ಎಲ್ಲ ಹೇಳಿದರು. ಬೋರ್ಡು, ಸ್ಟೂಲು, ಏಣಿ, ಎಲ್ಲವನ್ನೂ. ನಾನೂ ನನ್ನ ಕಾಗದಗಳ ವಿಷಯ ಹೇಳಿದೆ. ಒಂದೇ ಮನೆಯಲ್ಲಿ ಇಬ್ಬರು ಕಳ್ಳರು ಒಬ್ಬರಿಗೊಬ್ಬರು ಕಾವಲು ಕೂತಿದ್ದೆವು ಎಂದು ನಗು ಬಂತು. ನಲ್ಲಿಯೂ ಸರಿಹೋಯಿತು.

ಆದರೆ ನಿಮಗೆ ಒಂದು ಬರೆಯಬೇಕು. ಮೊದಲ ಕಾಗದದಲ್ಲಿ ಅಂಗೈಯಲ್ಲಿ ಹಿಡಿಸುವಷ್ಟು ಕಳಿಸಿ ಎಂದು ಕೇಳಿದ್ದೆನಲ್ಲ. ಆಗ ಅದು ಬಟಾಣಿಗಾಗಿ ಎಂದುಕೊಂಡಿದ್ದೆ. ಈಗ ಯೋಚಿಸಿದರೆ, ಅಷ್ಟೇ ಬರಲಿ ಎಂಬುದು ನನ್ನ ಆಸೆಯೂ ಆಗಿತ್ತು. ಸಣ್ಣದೊಂದು ಬಂದು ಗೋಡೆಯೊಳಗೆ ಹೋದರೆ ನಾನು ತಡೆದುಕೊಳ್ಳಬಲ್ಲೆ. ಇಡೀ ಟ್ರಂಕು ಮನೆಗೆ ಬಂದರೆ ಆ ಮನೆಯಲ್ಲಿ ನಾನು ಎಲ್ಲಿ ನಿಲ್ಲುವುದು? ಏಣಿ ಹಿಡಿಯುವವರು ಬೇಕಿಲ್ಲದಿದ್ದರೂ ಹಿಡಿದು ನಿಂತಿದ್ದರಂತೆ. ನನ್ನ ಕೆಲಸದ ಮೇಜಿನ ಹತ್ತಿರ ಅವರು ಒಮ್ಮೆಯೂ ಬಂದಿಲ್ಲ. ನೀವು ಮೊದಲ ಕಾಗದದಲ್ಲಿ ಬರೆದದ್ದು ಪೂರ್ತಿ ತಪ್ಪಾಗಿರಲಿಲ್ಲ.

ಇಷ್ಟು ಬರೆದ ಮೇಲೂ ನೀವು ಬರಬೇಕೆಂದೇ ನನ್ನ ಇಚ್ಛೆ. ಟ್ರಂಕೂ ಬರಲಿ. ಸುಮ್ಮನೆ, ಯಾರಿಗಾದರೂ ಹೇಳಬೇಕೆನಿಸಿತು. ಇಲ್ಲಿ ಯಾರಿಗೆ ಹೇಳಲಿ.

‘ಇವ್ರು’


ಜೂನ್ 4

ನಿನಗೆ,

ಎಂಟನೇ ತಾರೀಕು ಬೆಳಗಿನ ಬಸ್ಸು. ಅಳಿಯನಿಗೆ ನಿಲ್ದಾಣಕ್ಕೆ ಬರಲು ಹೇಳು, ಟ್ರಂಕು ಭಾರವಿದೆ.

ಅದನ್ನು ಎಲ್ಲಾದರೂ ಮಂಚದ ಕೆಳಗೆ ತಳ್ಳಿದರಾಯಿತು, ಅಭ್ಯಾಸವಿದೆ ಅದಕ್ಕೆ. ನೀನು ಮಂಚದ ಕೆಳಗೆ ಹೋಗಬೇಡ. ಇಷ್ಟು ದಿನ ಟಾರ್ಪಾಲು ಕಟ್ಟಿಕೊಂಡು ಮೂರು ಜನಕ್ಕೆ ಬೇಯಿಸಿ ಹಾಕಿದವಳು ನೀನು, ನಿಲ್ಲುವ ಜಾಗ ಕೇಳುವವಳು ನಾನು.

‘ನೀನು’ ಎಂದು ಬರೆದಿದ್ದೇನೆ. ಬೇಡವಾದರೆ ಬಂದಾಗ ಹೇಳು.

ಅಜ್ಜಿ


ಜೂನ್ 29

ಅಮ್ಮ,

ನೀವು ಹೊರಟ ಮೇಲೆ ಮನೆಯಲ್ಲಿ ಸದ್ದು ಕಡಿಮೆಯಾಗಿದೆ. ನಾವೆಲ್ಲ ಇನ್ನೂ ಕೂಗಿಯೇ ಮಾತಾಡುತ್ತಿದ್ದೇವೆ, ಮೂರು ವಾರದ ರೂಢಿ. ನಿನ್ನೆ ಮೇಸ್ತ್ರಿ, "ನಂಗೆ ಕಿವಿ ಕೇಳುತ್ತಮ್ಮ" ಎಂದ.

ಗೋಡೆ ಒಣಗಿದೆ. ಮೊನ್ನೆ ಬಿಳಿ ಬಣ್ಣ ಬಳಿದಾಯಿತು. ಗೂಡು ಎಲ್ಲಿತ್ತು ಎಂದು ಈಗ ಹುಡುಕಿದರೂ ತಿಳಿಯದು. ಸಿಂಕಿನಿಂದ ಎರಡು ಗೇಣು ಬಲಕ್ಕೆ ಎಂದು ಬಾಗಿಲ ಹಿಂದೆ ಗುರುತು ಬರೆದಿಟ್ಟಿದ್ದೇವೆ. ಬಟಾಣಿಯೇ ಬರೆದಳು, ಅವಳಮ್ಮನ ಸಣ್ಣ ಬ್ರಷ್ಷಿನಲ್ಲಿ, ಕೊನೆಯ ಅಕ್ಷರದಿಂದ. ಏಪ್ರನ್ನು ಅವಳ ಪಾದದವರೆಗೂ ಬರುತ್ತದೆ. ಬಿಚ್ಚಲು ಒಪ್ಪುವುದಿಲ್ಲ. ಊಟಕ್ಕೂ ಹಾಗೇ ಬರುತ್ತಾಳೆ. ಮನೆಯವರು ಅದನ್ನು ನೋಡಿದರೂ ಸ್ಕ್ರೂ ಹುಡುಕಲು ಹೋಗುವುದಿಲ್ಲ. ಮೊನ್ನೆ ಲ್ಯಾಬಿಗೆ ನನ್ನ ಊಟದ ಡಬ್ಬಿ ತಂದುಕೊಟ್ಟು, ಒಂದು ಗಂಟೆ ನನ್ನ ಮೇಜಿನ ಪಕ್ಕ ಕೂತು, ಹಲ್ಲು ಜೋಡಿಸುವುದನ್ನು ನೋಡಿಕೊಂಡು ಹೋದರು. ನಾನು ಡಬ್ಬಿ ಮರೆತಿರಲಿಲ್ಲ. ಅವತ್ತು ಎರಡು ಊಟವಿತ್ತು. ನಿಮ್ಮ ಕೆಲಸ ಇದು ಎಂದು ನನಗೆ ಅನುಮಾನ.

ಡಬ್ಬಿಗೆ ಮೇಣ ಹೊಯ್ಯುವ ಮೊದಲು ಅವಳು ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ತಂದು ಇಟ್ಟಳಲ್ಲ. ಏನು ಎಂದು ಕೇಳಿದ್ದಕ್ಕೆ "ಆಮೇಲೆ" ಎಂದಳು. ನಾನು ಮತ್ತೆ ಕೇಳಲಿಲ್ಲ. ಅದು ನಿಮ್ಮ ಮಗಳದು, ಅದು ನಿಮ್ಮಿಬ್ಬರ ಮಧ್ಯೆ ಇರಲಿ ಎಂದುಕೊಂಡೆ. ಮೇಣದ ಬಿಸಿ ತಗಲಬಾರದೆಂದು ಗಂಟಿನ ಮೇಲೆ ದಪ್ಪ ಒಣಬಟ್ಟೆ ಹಾಕಿ, ಎರಡು ಸುತ್ತು ನಿಧಾನವಾಗಿ ಹೊಯ್ದೆ. ನನ್ನ ಕೈಲಾದಷ್ಟು ಜೋಪಾನ ಮಾಡಿದ್ದೇನೆ ಎಂದು ನಿಮಗೆ ತಿಳಿಸಬೇಕಿತ್ತು, ಅದಕ್ಕೇ ಈ ಕಾಗದ.

ಹೊಸ ಸೆಟ್ಟು ಹೇಗಿದೆ? ಎಲ್ಲಾದರೂ ಒತ್ತಿದರೆ ತಕ್ಷಣ ಬರೆಯಿರಿ.

ನಿಮ್ಮ ‘ಇವ್ರು’


ಜುಲೈ 8

ನಿನಗೆ,

ಸೆಟ್ಟು ಕುಣಿಯುತ್ತಿಲ್ಲ, ಒತ್ತುತ್ತಲೂ ಇಲ್ಲ. ನಿನ್ನೆ ಛತ್ರಿಯವನ ಅಂಗಡಿಯಲ್ಲಿ ‘ಸಾಸಿವೆ’ ಎಂದೆ, ಸುಮ್ಮನೆ. ಅವನಿಗೆ ಅರ್ಥವಾಗಲಿಲ್ಲ, ಆದರೆ ಸರಿಯಾಗಿ ಕೇಳಿಸಿತಂತೆ.

ಊಟದ ಡಬ್ಬಿಯ ವಿಷಯ ನನಗೇನೂ ಗೊತ್ತಿಲ್ಲ. ನಾನು ಹೇಳಿಕೊಟ್ಟದ್ದಲ್ಲ. ಅವರೇ ಯೋಚಿಸಿದ್ದು. ಏನು ಮಾಡುವುದು, ಅವರಿಗೆ ಏಣಿ ಹಿಡಿಯುವುದು ಬಿಟ್ಟರೆ ಬೇರೆ ಬರುವುದಿಲ್ಲ. ನಿನ್ನ ಮೇಜಿಗೆ ಏಣಿ ಬೇಕಿಲ್ಲವಲ್ಲ, ಅದಕ್ಕೆ ಇಷ್ಟು ದಿನ ತೋಚಿರಲಿಕ್ಕಿಲ್ಲ.

ಇನ್ನು ಆ ಗಂಟು. ಯಾರಿಗೂ ಹೇಳಬಾರದೆಂದು ಬಟಾಣಿ ನನ್ನಿಂದ ಕೈ ಮೇಲೆ ಕೈ ಹಾಕಿಸಿ ಮಾತು ತೆಗೆದುಕೊಂಡಿದ್ದಾಳೆ. ಆದರೂ ಬರೆಯುತ್ತೇನೆ. ನೀನು ತಪ್ಪು ತಿಳಿದು ಹದಿನೈದು ವರ್ಷ ಕೂರುವುದು ನನಗಿಷ್ಟವಿಲ್ಲ.

ಅದರಲ್ಲಿ ನನ್ನ ಮಗಳದು ಏನೂ ಇಲ್ಲ.

ನೀನು ಒಂದು ಬೆಳಗ್ಗೆ ಲ್ಯಾಬಿಗೆ ಹೊರಡುವ ಮೊದಲು ಅವಳು ನಿನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ಬಾಯಿ ತೆಗೆಸಿ, ಅಚ್ಚಿನ ಪುಡಿ ಕಲೆಸಿ ಹಾಕಿ ನಿನ್ನ ಹಲ್ಲಿನ ಅಳತೆ ತೆಗೆದಳು. ನಿನಗೆ ನೆನಪಿರಬೇಕು. ಬಿಳಿ ಪ್ಲಾಸ್ಟರು ಹೊಯ್ದು ಬಿಡಿಸುವಾಗ ಮುಂದಿನ ಎರಡು ಹಲ್ಲು ಮುರಿದವು. "ಒಳಗೆ ಗಾಳಿಗುಳ್ಳೆ ಬಿದ್ದಿದೆ, ಬಿಸಾಕು, ಭಾನುವಾರ ಇನ್ನೊಂದು ಮಾಡೋಣ" ಎಂದು ಹೇಳಿ ನೀನು ಓಡಿದೆ. ನಾನು ಗುಡಿಸಿ ಎಸೆದೆ ಎಂದುಕೊಂಡಿರುತ್ತೀಯ. ಅವಳು ಎಸೆಯಲು ಬಿಡಲಿಲ್ಲ. ಮುರಿದ ಹಲ್ಲನ್ನು ಗೋಂದು ಹಚ್ಚಿ ಕೂರಿಸಿದಳು. ಒಂದು ಸ್ವಲ್ಪ ಸೊಟ್ಟಗೆ ಕೂತಿದೆ. ಒಣಗುವವರೆಗೆ ಕಾದಳು. ಆಮೇಲೆ ನಿನ್ನ ಹಳೆಯ ಕರವಸ್ತ್ರದಲ್ಲಿ ಸುತ್ತಿದಳು.

"ಅಮ್ಮಂದು ಇಡ್ಬೇಕು ಅಂತ ಹಠ ಮಾಡಿದ್ದು ನೀನೇ ಅಲ್ವಾ? ಅಷ್ಟು ದೂರದಿಂದ ಟ್ರಂಕ್ ಹೊತ್ಕೊಂಡು ಬಂದಿದ್ದೀನಿ" ಎಂದೆ.

"ಅಮ್ಮನ ಸಾಮಾನು ಹೊರಗಿರ್ಲಿ ಅಜ್ಜಿ" ಎಂದಳು. "ಅದನ್ನ ದಿನಾ ನೋಡ್ಬೇಕು. ಇಲ್ದಿದ್ರೆ ನೆನಪಿರಲ್ಲ."

"ಮತ್ತೆ ಇದು ಯಾಕೆ ಒಳಗೆ?"

"ಇವ್ರನ್ನ ದಿನಾ ನೋಡ್ತೀನಲ್ಲ. ದಿನಾ ನೋಡ್ತಾ ಇದ್ರೆ ಇವ್ರು ಮೊದ್ಲು ಹೆಂಗಿದ್ರು ಅಂತ ಮರ್ತೋಗುತ್ತೆ. ನಾನು ದೊಡ್ಡೋಳಾದಾಗ ಇವ್ರಿಗೆ ಹಲ್ಲೆಲ್ಲ ಹೋಗಿರುತ್ತೆ. ಆಗ ತೆಗೆದು ತೋರಿಸ್ತೀನಿ."

ನಿನಗೆ ಆಗ ಐವತ್ತೂ ಆಗಿರುವುದಿಲ್ಲ ಎಂದು ಹೇಳಲು ಹೋದೆ, ಬಿಟ್ಟೆ. ಬೇರೊಂದು ಕೇಳಿದೆ. "ಹದಿನೈದು ವರ್ಷ ಆದ್ಮೇಲೂ ಅವಳು ಇಲ್ಲೇ ಇರ್ತಾಳೆ ಅಂತ ನಿಂಗೆ ಹೆಂಗೆ ಗೊತ್ತು?"

ಕೆಟ್ಟ ಪ್ರಶ್ನೆ ಕೇಳಿದವರನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಆಮೇಲೆ ನನ್ನ ಕಿವಿ ಮಂದ ಎಂದು ನೆನಪಾಗಿ, ಹತ್ತಿರ ಬಂದು, ಬಿಡಿಸಿ ಬಿಡಿಸಿ ಹೇಳಿದಳು. "ಇಲ್ದೆ ಇನ್ನೆಲ್ಲಿರ್ತಾರೆ? ಮತ್ತೆ ಗೋಡೆ ಒಡೆಯೋರು ಯಾರು? ಅಪ್ಪಂಗೆ ಸಿಮೆಂಟ್ ಧೂಳು ಅಂದ್ರೆ ಸೀನು."

ಗಂಟು ಸಡಿಲವಾಗಿತ್ತು. ಕರವಸ್ತ್ರದ ಒಂದು ತುದಿಯನ್ನು ನಾನು ಹಿಡಿದುಕೊಂಡೆ, ಇನ್ನೊಂದನ್ನು ಅವಳು ಹಿಡಿದು ಬಲವಾಗಿ ಎಳೆದಳು.

ಅಮ್ಮ